ಫೆಸ್ ಹಳೇ ಪೇಟೆಯಲ್ಲಿ ಅಗ್ಗದ ಹೋಟೆಲ್: ಅಮ್ಮನ ಮಂಡಿನೋವು, ಸಸ್ಯಾಹಾರ, ಜನವರಿ ಚಳಿ. ಆಗುತ್ತಾ?

ತುಂಗಾ_ತೀರ | ಡಿಸೆಂಬರ್ 8, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನಿರೋದು ಬೆಲ್ಜಿಯಮ್‌ನಲ್ಲಿ. ಅಮ್ಮ ಶಿವಮೊಗ್ಗದಿಂದ ಬಂದು ಎರಡು ತಿಂಗಳಾಯ್ತು, ಇಲ್ಲಿನ ಮೋಡ ನೋಡಿ ನೋಡಿ ಬೇಜಾರಾಗಿದ್ದಾರೆ. ಜನವರಿ ಎರಡನೇ ವಾರ ಮೊರಾಕೊದ ಫೆಸ್ ಊರಿಗೆ ನಾಲ್ಕು ರಾತ್ರಿ ಕರ್ಕೊಂಡು ಹೋಗ್ತಿದೀನಿ. ವಿಮಾನ ಅಗ್ಗಕ್ಕೆ ಸಿಕ್ತು. ಮೊರಾಕೊ ವೀಸಾ ಆಗಿದೆ, ಅಮ್ಮನ ಯುರೋಪಿನ ಷೆಂಗೆನ್ ವೀಸಾ ಮಲ್ಟಿಪಲ್ ಎಂಟ್ರಿ ಅನ್ನೋದನ್ನ ಎರಡೆರಡು ಸಲ ನೋಡ್ಕೊಂಡಿದೀನಿ (ಸಿಂಗಲ್ ಎಂಟ್ರಿ ಆಗಿದ್ರೆ ಅಮ್ಮ ಅಲ್ಲಿಂದ ಸೀದಾ ಶಿವಮೊಗ್ಗಕ್ಕೇ).

ಸಮಸ್ಯೆ ಹೋಟೆಲ್‌ದು. ದಿನಕ್ಕೆ 250 ದಿರ್ಹಾಮ್ ಮೀರಬಾರದು ಅಂತ ಇದೀನಿ. ಎರಡು ಸಿಕ್ಕಿವೆ:

ಒಂದು, ಮದೀನಾ ಒಳಗೆ (ಹಳೇ ಪೇಟೆಗೆ ಅಲ್ಲಿ ಹಾಗಂತಾರೆ), ಬಾಬ್ ಬೂಜ್ಲೂದ್ ಅನ್ನೋ ನೀಲಿ ಹೆಬ್ಬಾಗಿಲ ಹತ್ತಿರ. 220. ಮೂರನೇ ಮಹಡಿ, ಸ್ನಾನದ ಮನೆ ಹಂಚಿಕೊಳ್ಳಬೇಕು, ತಾರಸಿ ಇದೆ. ಫೋಟೋ ಚೆನ್ನಾಗಿದೆ.
ಎರಡು, ಹೊಸ ಊರಲ್ಲಿ, ರೈಲು ನಿಲ್ದಾಣದ ಹತ್ತಿರ. 260. ಲಿಫ್ಟ್ ಇದೆ. ಫೋಟೋ ನೋಡಿದ್ರೆ ದಾವಣಗೆರೆ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್.

ಅಮ್ಮನಿಗೆ 64, ಬಲಮಂಡಿ ನೋವು. ಶುದ್ಧ ಸಸ್ಯಾಹಾರಿ, ಮೊಟ್ಟೇನೂ ಇಲ್ಲ. ಇಬ್ಬರೂ ಹೆಂಗಸರೇ ಹೋಗ್ತಿರೋದು. ಹೋಗಿ ಬಂದೋರು ಹೇಳಿ.


ಬಸ್‌ಸ್ಟ್ಯಾಂಡ್_ಬೈರಾಗಿ | ಡಿಸೆಂಬರ್ 8, ರಾತ್ರಿ 10.05

ಕಣ್ಣುಮುಚ್ಚಿ ಮೊದಲನೇದು. ಫೆಸ್‌ಗೆ ಹೋಗಿ ಹೊಸ ಊರಲ್ಲಿ ಇಳ್ಕೊಳ್ಳೋದು ಅಂದ್ರೆ ಹಂಪಿಗೆ ಅಂತ ಹೊರಟು ಹೊಸಪೇಟೆ ನೋಡ್ಕೊಂಡು ಬಂದ ಹಾಗೆ. ನಾನು ಸೆಪ್ಟೆಂಬರಲ್ಲಿ ಹೋಗಿದ್ದಾಗ ರೂಮೇ ತಗೊಂಡಿರಲಿಲ್ಲ. ತಾರಸಿ ಮೇಲೆ ಹಾಸಿಗೆ ಹಾಕಿಕೊಟ್ರು, 60 ದಿರ್ಹಾಮ್. ಬೆಳಗಿನ ಜಾವ ಒಂದು ಮಸೀದಿಯಲ್ಲಿ ಆಜಾನ್ ಶುರುವಾಗಿ, ಅದರ ಬಾಲ ಹಿಡಿದು ಇನ್ನೊಂದು, ಮತ್ತೊಂದು. ಇಡೀ ಕಣಿವೆ ತುಂಬಿಕೊಳ್ಳುತ್ತೆ. ಅದನ್ನ ಕೇಳಕ್ಕೇ ಹೋಗಬೇಕು.


ಧಾರವಾಡ_ಪೇಡೆ | ಡಿಸೆಂಬರ್ 8, ರಾತ್ರಿ 10.31

ಬೈರಾಗಿ ಸಾಹೇಬ್ರ, ನಿಮಗ ಇಪ್ಪತ್ತಾರು ವಯಸ್ಸು, ಅವರ ತಾಯಿಯವರಿಗೆ ಅರವತ್ನಾಲ್ಕು. ತಾರಸಿ ಮಾತು ಬಿಡ್ರಿ. ಆ ಹಳೇ ಮನಿಗಳೊಳಗ ಪಾವಟಿಗಿ ಹೆಂಗಿರ್ತಾವ ಗೊತ್ತೇನು? ಒಂದೊಂದೂ ಒಂದೂಕಾಲು ಅಡಿ ಎತ್ತರ, ಅಂಚಿಗೆ ಕಟ್ಟಿಗಿ ಪಟ್ಟಿ, ನಡುವ ನುಣ್ಣನ ಬಣ್ಣದ ಹಂಚು, ಹಿಡ್ಕೊಳ್ಳಾಕ ಏನೂ ಇಲ್ಲ. ತಿರುವಿನಾಗ ಲೈಟ್ ಇರಂಗಿಲ್ಲ. ನಮ್ಮ ಮಾವನವರು ಎರಡನೇ ಮಜಲಿಗೆ ದಿನಕ್ಕ ಒಂದ ಸಲ ಹತ್ತಿದ್ರು, ಒಂದ ಸಲ ಇಳಿದ್ರು. ಅಷ್ಟ ಅವರ ಫೆಸ್ ಪ್ರವಾಸ.

ಅಕ್ಕಾರ, ಮದೀನಾದಾಗ ಇರ್ರಿ, ಆದ್ರ ಮೂರನೇ ಮಹಡಿ ಬ್ಯಾಡ್ರಿ. ಕೆಳಗಿನ ಖೋಲಿ ಕೊಡ್ತೀರೇನು ಅಂತ ಮೊದಲ ಬರದು ಕೇಳ್ರಿ.


ಕಾಸಾ_ಕನ್ನಡಿಗ | ಡಿಸೆಂಬರ್ 9, ಬೆಳಿಗ್ಗೆ 7.15

ಕಾಸಾಬ್ಲಾಂಕಾದಲ್ಲಿ ಆರು ವರ್ಷದಿಂದ ಇದೀನಿ. ಫೆಸ್‌ಗೆ ರೈಲಲ್ಲಿ ನಾಲ್ಕು ಗಂಟೆ. ಬಂದ ನೆಂಟರನ್ನೆಲ್ಲ ಕರ್ಕೊಂಡು ಹೋಗಿ ಹೋಗಿ ಆ ಊರು ಬಾಯಿಪಾಠ ಆಗಿದೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಫೆಸ್ ಅಂದ್ರೆ ಮೂರು ಊರು. ಎಂಟನೇ ಶತಮಾನದ ಕೊನೆಗೆ ಇದ್ರಿಸಿ ದೊರೆಗಳು ಶುರು ಮಾಡಿದ ಫೆಸ್ ಎಲ್ ಬಾಲಿ, ನೀವೆಲ್ಲ ಮದೀನಾ ಅಂತಿರೋದು ಇದನ್ನೇ. 1276ರಲ್ಲಿ ಮರೀನಿ ಸುಲ್ತಾನರು ಪಕ್ಕದಲ್ಲಿ ಕಟ್ಟಿದ್ದು ಫೆಸ್ ಜ್ದೀದ್. ‘ಹೊಸ ಫೆಸ್’ ಅಂತ ಅರ್ಥ, ಏಳೂವರೆ ಶತಮಾನ ಆದ್ರೂ ಅದು ಇನ್ನೂ ಹೊಸದೇ. ಮೂರನೇದು 1912ರಲ್ಲಿ ಫ್ರೆಂಚರು ದೇಶ ಹಿಡಿದ ಮೇಲೆ ದೂರದಲ್ಲಿ ಕಟ್ಟಿಕೊಂಡ ವೀಲ್ ನೂವೆಲ್. ನಿಮ್ಮ ಎರಡನೇ ಹೋಟೆಲ್ ಇರೋದು ಅಲ್ಲಿ. ಫ್ರೆಂಚರು ಹಳೇ ಊರನ್ನ ಒಡೆಯದೆ ಬಿಟ್ಟಿದ್ದಕ್ಕೇ ಇವತ್ತಿಗೂ ಮದೀನಾದೊಳಗೆ ಕಾರು ಹೋಗಲ್ಲ, ಕತ್ತೆ ಹೋಗುತ್ತೆ. 1981ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ.

ಈಗ ಮಂಡಿ ವಿಷಯಕ್ಕೆ ಬರೋಣ. ಮದೀನಾ ಒಂದು ಬೋಗುಣಿ ಅಂದ್ಕೊಳ್ಳಿ. ಬಾಬ್ ಬೂಜ್ಲೂದ್ ಇರೋದು ಅದರ ಅಂಚಲ್ಲಿ. ಅಲ್ಲಿಂದ ಎರಡು ದೊಡ್ಡ ಬೀದಿ ಕೆಳಗಿಳಿಯುತ್ತೆ, ತಲಾ ಕ್ಬೀರಾ, ತಲಾ ಸ್ಘೀರಾ. ‘ತಲಾ’ ಅಂದ್ರೇನೇ ಏರು. ದೊಡ್ಡೇರು, ಚಿಕ್ಕೇರು. ಹೋಗುವಾಗ ಅಂಗಡಿ ನೋಡ್ತಾ ಗೊತ್ತೇ ಆಗಲ್ಲ, ವಾಪಸ್ ಬರುವಾಗ ಗೊತ್ತಾಗುತ್ತೆ. ಅದಕ್ಕೆ ಉಪಾಯ: ಬೂಜ್ಲೂದ್‌ನಿಂದ ಇಳೀರಿ, ತಳ ಮುಟ್ಟಿದ ಮೇಲೆ ರ್ಸೀಫ್ ಅನ್ನೋ ಚೌಕಕ್ಕೆ ಹೊರಬನ್ನಿ. ಅಲ್ಲಿ ತನಕ ರಸ್ತೆ ಇದೆ, ಕೆಂಪು ಬಣ್ಣದ ಪೆತಿ (ಚಿಕ್ಕ) ಟ್ಯಾಕ್ಸಿ ಸಿಗುತ್ತೆ. ಹತ್ತಿ ಬೂಜ್ಲೂದ್ ಅಥವಾ ಅದರ ಹತ್ತಿರದ ಬತ್ಹಾ ಚೌಕ ಅನ್ನಿ. ಮೂರೇ ಜನ ಕೂರಿಸ್ತಾರೆ, ಮೀಟರ್ ಹಾಕು ಅಂತ ಹೇಳಿ, ರಾತ್ರಿ ಎಂಟರ ಮೇಲೆ ಒಂದೂವರೆ ಪಟ್ಟು. ಒಂದು ಸಲವೂ ಏರು ಹತ್ತದೆ ನಾಲ್ಕು ದಿನ ಕಳೀಬಹುದು.

ಹೋಟೆಲ್ ಆರಿಸುವಾಗ ಮದೀನಾದಲ್ಲಿ ಸ್ಟಾರ್ ಲೆಕ್ಕ ಬರಲ್ಲ. ಟ್ಯಾಕ್ಸಿ ಕೊನೆಗೆ ಎಲ್ಲಿ ನಿಲ್ಲುತ್ತೆ, ಅಲ್ಲಿಂದ ಬಾಗಿಲಿಗೆ ಎಷ್ಟು ಹೆಜ್ಜೆ, ಅದನ್ನ ಕೇಳಿ. ನಿಮ್ಮ ಮೊದಲ ಹೋಟೆಲ್‌ಗೆ ಅದೊಂದು ಚೆನ್ನಾಗಿದೆ.

ಇನ್ನೊಂದು, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಬಿಸಿನೀರು ಹೇಗೆ ಬರುತ್ತೆ ಕೇಳಿ. ಇಲ್ಲಿ ಅಗ್ಗದ ಜಾಗಗಳಲ್ಲೆಲ್ಲ ಗ್ಯಾಸ್ ಗೀಸರ್. ಸಿಲಿಂಡರ್‌ಗೆ ಸರ್ಕಾರದ ಸಬ್ಸಿಡಿ ಇದೆ (12 ಕಿಲೋದ್ದು ಎಷ್ಟೋ ವರ್ಷ 40 ದಿರ್ಹಾಮ್ ಇತ್ತು, 2024ರಲ್ಲಿ 50 ಮಾಡಿದ್ರು), ಕರೆಂಟ್ ದುಬಾರಿ. ಗೀಸರ್ ಸ್ನಾನದ ಮನೆ ಒಳಗೇ ಇದ್ದು, ಕಿಟಕಿ ಮುಚ್ಚಿದ್ರೆ ಏನಾಗುತ್ತೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಚಳಿಗಾಲ ಬಂತು ಅಂದ್ರೆ ಇಲ್ಲೂ ಅದೇ ಸುದ್ದಿ ಪತ್ರಿಕೆಯಲ್ಲಿ ಬರುತ್ತೆ. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಅದು, ಜೀವ ತೆಗೆಯುತ್ತೆ. ವಾಸನೆ ಬರಲ್ಲ, ತಲೆ ಭಾರ ಆಗಿ ನಿದ್ದೆ ಬಂದ ಹಾಗಾಗುತ್ತೆ ಅಷ್ಟೇ.


ಮೈಸೂರ್_ಮಲ್ಲಿಗೆ | ಡಿಸೆಂಬರ್ 9, ಬೆಳಿಗ್ಗೆ 11.20

ಚಳಿ ಬಗ್ಗೆ ಯಾರೂ ಹೇಳಿಲ್ಲವಲ್ಲ. ಆಫ್ರಿಕಾ ಅಂದ್ಕೊಂಡು ನಾನು ಒಂದು ಸ್ವೆಟರ್ ತಗೊಂಡು ಹೋಗಿದ್ದೆ. ಜನವರಿಯಲ್ಲಿ ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತೆ, ಮಳೇನೂ ಅದೇ ಕಾಲದಲ್ಲಿ. ಅಲ್ಲಿನ ಮನೆ ಬೇಸಿಗೆಗೆ ಅಂತ ಕಟ್ಟಿದ್ದು. ಜುಲೈನಲ್ಲಿ 40 ದಾಟುವ ಊರು ಅದು. ದಪ್ಪ ಗೋಡೆ, ನಡುವೆ ತೆರೆದ ಅಂಗಳ, ಕಿಟಕಿಗಳೆಲ್ಲ ಒಳಮುಖ. ನಮ್ಮ ಹಳೇ ತೊಟ್ಟಿಮನೆ ಕಣ್ರೀ, ಥೇಟ್. ಬೇಸಿಗೆಗೆ ಸ್ವರ್ಗ, ಚಳಿಗಾಲದಲ್ಲಿ ಹೊರಗಿಂತ ಒಳಗೇ ಥಂಡಿ. ಅಗ್ಗದ ರೂಮಲ್ಲಿ ಹೀಟರ್ ಇರಲ್ಲ, ಎರಡು ಮಣಭಾರದ ಕಂಬಳಿ ಕೊಡ್ತಾರೆ. ಮಗ್ಗುಲು ಬದಲಾಯಿಸೋಕೂ ಶ್ರಮ ಪಡಬೇಕು.

ನಾನಾಗಿದ್ರೆ ಹೊಸ ಊರಿನ ಲಿಫ್ಟ್ ಹೋಟೆಲ್ಲೇ. ಬೇಕಾದ್ರೆ ಬೈಕೊಳ್ಳಿ.


ಬಸ್‌ಸ್ಟ್ಯಾಂಡ್_ಬೈರಾಗಿ | ಡಿಸೆಂಬರ್ 9, ಬೆಳಿಗ್ಗೆ 11.34

ಬೈಯಲ್ಲ. ಹೊಸಪೇಟೆ ಅಂತೀನಿ ಅಷ್ಟೇ.


ಚೌಕಾಸಿ_ಚತುರ | ಡಿಸೆಂಬರ್ 9, ಮಧ್ಯಾಹ್ನ 2.10

220 ಜಾಸ್ತಿ ಆಯ್ತು. ಆನ್‌ಲೈನ್ ಬುಕ್ ಮಾಡಬೇಡಿ. ಜನವರಿ ಸೀಸನ್ ಅಲ್ಲ, ಸೀದಾ ಹೋಗಿ ನಿಂತು ಕೇಳಿದ್ರೆ 150ಕ್ಕೆ ಬರ್ತಾರೆ. ಒಂದು ದಿರ್ಹಾಮ್‌ಗೆ ಸುಮಾರು ಒಂಬತ್ತು ರೂಪಾಯಿ ಲೆಕ್ಕ ಹಾಕಿದ್ರೆ ನಾಲ್ಕು ರಾತ್ರಿಗೆ ಎರಡೂವರೆ ಸಾವಿರ ಉಳೀತು.


ಧಾರವಾಡ_ಪೇಡೆ | ಡಿಸೆಂಬರ್ 9, ಮಧ್ಯಾಹ್ನ 2.48

ಕತ್ತಲಿ ಆದ ಮ್ಯಾಲೆ, ಮಂಡಿನೋವಿನ ತಾಯಿ ಕಟ್ಕೊಂಡು, ಮಳಿಯೊಳಗ ನಾಕು ಹೋಟೆಲ್ ಬಾಗಲಾ ಬಡಿಬೇಕೇನ್ರಿ ಎರಡೂವರೆ ಸಾವಿರಕ್ಕ? ಮೊದಲನೇ ರಾತ್ರಿ ಬುಕ್ ಮಾಡಿ ಹೋಗ್ರಿ. ಉಳದದ್ದು ಅಲ್ಲಿ ನಿಂತು ಮಾತಾಡ್ರಿ. ಮತ್ತ ಹೆಬ್ಬಾಗಲದಾಗ ಒಬ್ಬ ಹುಡುಗ ಬರ್ತಾನ. ನಿಮ್ಮ ಹೋಟೆಲ್ ಮುಚ್ಚೇದ, ಆ ಕಡೆ ದಾರಿ ಬಂದ್ ಅದ, ನಮ್ಮಣ್ಣಂದೊಂದು ಛಲೋ ಹೋಟೆಲ್ ಅದ ಅಂತಾನ. ನಿಲ್ಲಬ್ಯಾಡ್ರಿ. ‘ಲಾ, ಶುಕ್ರನ್’ (ಬ್ಯಾಡ, ಥ್ಯಾಂಕ್ಸ್) ಅಂದು ನಡೀರಿ.


ಬಸ್‌ಸ್ಟ್ಯಾಂಡ್_ಬೈರಾಗಿ | ಡಿಸೆಂಬರ್ 9, ಸಂಜೆ 6.00

ಎಲ್ಲ ಹುಡುಗರೂ ಹಾಗಲ್ಲ. ನಾನು ದಾರಿ ತಪ್ಪಿದ್ದಾಗ ಒಬ್ಬ ಇಪ್ಪತ್ತು ನಿಮಿಷ ನಡೆದು ಬಂದು ಬಿಟ್ಟು ಹೋದ, ಒಂದು ಪೈಸೆ ಮುಟ್ಟಲಿಲ್ಲ. ಇಂಡಿಯಾ ಅಂದ ಕೂಡಲೇ ಅಮಿತಾಭ್, ಶಾರೂಖ್ ಅಂತ ಶುರು ಮಾಡಿದ್ದ.


ಧಾರವಾಡ_ಪೇಡೆ | ಡಿಸೆಂಬರ್ 9, ಸಂಜೆ 6.12

ಅದೂ ಖರೇನ. ಆದ್ರ ಯಾವಂವ ಎಂಥಾಂವ ಅಂತ ಹೆಬ್ಬಾಗಲದಾಗ ಬ್ಯಾಗ್ ಹಿಡ್ಕೊಂಡು ನಿಂತಾಗ ಗೊತ್ತಾಗಂಗಿಲ್ರಿ.


ಕುಡ್ಲ_ಕಡಲು | ಡಿಸೆಂಬರ್ 9, ರಾತ್ರಿ 8.55

ಊಟದ ವಿಷಯ ನಾನು ಹೇಳ್ತೇನೆ ಮಾರಾಯ್ರೆ, ನಾನು ಮೀನು ತಿನ್ನುವವ, ಹೆಂಡತಿ ತಿನ್ನುವುದಿಲ್ಲ, ಹಾಗಾಗಿ ಎರಡೂ ಲೆಕ್ಕ ಉಂಟು.

ಸಸ್ಯಾಹಾರ ಅಂತ ಕಾಣುವುದು ಅಲ್ಲಿ ಸಸ್ಯಾಹಾರ ಅಲ್ಲ. ಹರೀರಾ ಸೂಪ್ ಕಡಲೆ, ಬೇಳೆ, ಟೊಮೆಟೊ ಹಾಕಿ ಮಾಡುವುದು, ಆದ್ರೆ ಹೆಚ್ಚಾಗಿ ಸಣ್ಣ ಮಾಂಸದ ಚೂರು ಬಿದ್ದಿರ್ತದೆ. ಏಳು ತರಕಾರಿಯ ಕುಸ್‌ಕುಸ್ ಅಂತಾರೆ, ತರಕಾರಿ ಬೆಂದದ್ದು ಮಾಂಸದ ಸಾರಿನಲ್ಲಿ. ಮ್ಸೆಮ್ಮೆನ್ ಅಂತ ಪದರ ಪದರದ ರೊಟ್ಟಿ ಉಂಟು, ನಮ್ಮ ಪರೋಟದ ಹಾಗೆ. ಖಾಲಿ ತೆಗೊಂಡ್ರೆ ತೊಂದರೆ ಇಲ್ಲ, ಒಳಗೆ ಈರುಳ್ಳಿ ತುಂಬಿಸಿದ್ದು ತೆಗೊಂಡ್ರೆ ಖ್ಲೀ ಇರಬಹುದು, ಅದು ಒಣಗಿಸಿ ಕೊಬ್ಬಲ್ಲಿ ಹಾಕಿಟ್ಟ ಮಾಂಸ.

ಧೈರ್ಯವಾಗಿ ತಿನ್ನಲಿಕ್ಕೆ ಆಗುವುದು: ಬಿಸಾರಾ. ಒಣಗಿದ ಫಾವಾ ಕಾಳು ಬೇಯಿಸಿ ಕಡೆದು, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಬೆಳಿಗ್ಗೆ ಗೂಡಂಗಡಿಯಲ್ಲಿ ಬೋಗುಣಿಗೆ ಹತ್ತು ದಿರ್ಹಾಮ್ ಒಳಗೆ ಸಿಗ್ತದೆ. ಜಾಲೂಕ್ ಅಂದ್ರೆ ಬದನೆಕಾಯಿ ಗೊಜ್ಜೇ. ಬಗ್ರೀರ್ ಒಂದೇ ಬದಿ ಕಾಯಿಸಿದ ತೂತು ತೂತಿನ ದೋಸೆ, ಜೇನು ಹಾಕಿ ಕೊಡ್ತಾರೆ. ‘ಬ್ಲಾ ಲ್‌ಹಮ್’ ಅಂತ ಹೇಳಿ, ಮಾಂಸ ಇಲ್ಲದೆ ಅಂತ. ಹೇಳಿದ ಮೇಲೂ ಕೋಳಿ ಬರಬಹುದು, ಕೋಳಿ ಮಾಂಸ ಅಲ್ಲ ಅಂತ ಅವರ ಲೆಕ್ಕ. ಅದಕ್ಕೆ ‘ಬ್ಲಾ ದ್ಜಾಜ್’ ಅಂತಲೂ ಸೇರಿಸಿ.


ಶರಾವತಿ_ಅಳಿವೆ | ಡಿಸೆಂಬರ್ 9, ರಾತ್ರಿ 10.40

ಹೋಟೆಲ್‌ಗೆ ಸಂಬಂಧ ಇಲ್ಲದ ಮಾತು, ಕ್ಷಮಿಸಿ. ಆದರೆ ಹೊನ್ನಾವರದವನಾಗಿ ಫೆಸ್ ಹೆಸರು ಕೇಳಿ ಸುಮ್ಮನಿರಲು ಆಗುವುದಿಲ್ಲ.

1304ರಲ್ಲಿ ಮೊರಾಕೊದ ತಾಂಜಿಯರ್‌ನಲ್ಲಿ ಹುಟ್ಟಿದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದಿದ್ದ. ಹೊನ್ನಾವರವನ್ನು ಹಿನಾವರ್ ಎಂದೂ ಬಾರ್ಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಕರೆದಿದ್ದಾನೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಇಂಥದನ್ನು ಬೇರೆಲ್ಲೂ ನೋಡಲಿಲ್ಲ ಎಂದಿದ್ದಾನೆ. ಅಷ್ಟೆಲ್ಲ ತಿರುಗಿ ಮನೆಗೆ ಮರಳಿದ ಮೇಲೆ ಸುಲ್ತಾನ ಅಬೂ ಇನಾನ್ ಅಪ್ಪಣೆಯಂತೆ ಕುಳಿತು ಎಲ್ಲವನ್ನೂ ಹೇಳಿ ಬರೆಸಿದ. ಬರೆದುಕೊಂಡವನು ಇಬ್ನ್ ಜುಝಯ್, ಮುಗಿದದ್ದು 1355ರಲ್ಲಿ, ಫೆಸ್‌ನಲ್ಲಿ. ಅದೇ ಸುಲ್ತಾನ ಕಟ್ಟಿಸಿದ ಬೂ ಇನಾನಿಯಾ ಮದರಸಾ ತಲಾ ಕ್ಬೀರಾದ ತಲೆಯಲ್ಲೇ ಇದೆ, ನಿಮ್ಮ ಮೊದಲನೇ ಹೋಟೆಲ್‌ನಿಂದ ನಾಲ್ಕು ಹೆಜ್ಜೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು. ಮಸೀದಿಗಳಿಗೆ ಬೇರೆ ಧರ್ಮದವರನ್ನು ಬಿಡುವುದಿಲ್ಲ. 859ರಲ್ಲಿ ಸ್ಥಾಪನೆಯಾದ ಕರವೀಯಿನ್ ಮಸೀದಿಯನ್ನೂ ಬಾಗಿಲಿನಿಂದಲೇ ನೋಡಬೇಕು.

ಏಳು ಶತಮಾನದ ಹಿಂದೆ ನಮ್ಮೂರಿನ ಶಾಲೆಗಳ ಎಣಿಕೆ ಆ ಊರಿನಲ್ಲಿ ಕಾಗದಕ್ಕೆ ಇಳಿಯಿತು. ಅಮ್ಮನವರಿಗೆ ಹೇಳಿ.


ಕುಡ್ಲ_ಕಡಲು | ಡಿಸೆಂಬರ್ 9, ರಾತ್ರಿ 11.02

ಮಂಜರೂರ್! ಇನ್ನು ಮುಂದೆ ಹಾಗೇ ಹೇಳುವುದು ನಾನು.


ತುಂಗಾ_ತೀರ | ಡಿಸೆಂಬರ್ 11, ರಾತ್ರಿ 8.20

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಇಡೀ ಚರ್ಚೆ ಓದಿ ಹೇಳಿದೆ. ಧಾರವಾಡದ ಮಾವನವರ ಕಥೆ ಕೇಳಿ ನಕ್ಕು, ಆಮೇಲೆ ‘ನಾನು ಹಾಗೇನೂ ಕೂರಲ್ಲ’ ಅಂದ್ರು. ಲಾಡ್ಜ್ ಬೇಡವಂತೆ. ‘ಲಿಫ್ಟ್ ನೋಡೋಕೆ ಅಷ್ಟು ದೂರ ಹೋಗ್ಬೇಕಾ’ ಅಂತ ಕೇಳ್ತಿದ್ದಾರೆ.

ಮದೀನಾ ಹೋಟೆಲ್‌ಗೆ ಬರೆದೆ. ಕೆಳಗಿನ ರೂಮು ಕೊಡ್ತೀವಿ, ತೊಂದರೆ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಗೀಸರ್ ಬಗ್ಗೆ ಕೇಳಿದ್ದಕ್ಕೆ ‘24 ಗಂಟೆ ಬಿಸಿನೀರು’ ಅಂತ ಬರೆದಿದ್ದಾರೆ. ನಾನು ಕೇಳಿದ್ದು ಅದಲ್ಲ. ಸರಿ, ಹೋಗಿ ನೋಡ್ತೀನಿ.


ಮೈಸೂರ್_ಮಲ್ಲಿಗೆ | ಡಿಸೆಂಬರ್ 11, ರಾತ್ರಿ 8.45

ಥರ್ಮಲ್ ಬನಿಯನ್ನು, ಉಣ್ಣೆ ಕಾಲುಚೀಲ, ಹಾಟ್‌ವಾಟರ್ ಬ್ಯಾಗು. ನಮ್ಮ ಚಾರ್ಜರ್‌ನ ಎರಡು ಗುಂಡುಪಿನ್ನು ಅಲ್ಲಿ ಕೂರುತ್ತೆ, ಕೆಟಲ್‌ನ ಮೂರು ಪಿನ್ನು ಕೂರಲ್ಲ. ಅಡಾಪ್ಟರ್ ಮರೀಬೇಡಿ.


ಕಾಸಾ_ಕನ್ನಡಿಗ | ಡಿಸೆಂಬರ್ 12, ಬೆಳಿಗ್ಗೆ 6.50

ಅಗ್ಗದ ಹೋಟೆಲ್ ಅಂದ್ರೆ ನಗದೇ. ದಿರ್ಹಾಮ್ ದೇಶದ ಹೊರಗೆ ಸಿಗೋ ದುಡ್ಡಲ್ಲ, ವಿಮಾನ ನಿಲ್ದಾಣದಲ್ಲೇ ನಾಲ್ಕು ದಿನಕ್ಕಾಗುವಷ್ಟು ಒಟ್ಟಿಗೆ ತೆಗೀರಿ, ಎಟಿಎಂ ಪ್ರತಿ ಸಲಕ್ಕೂ ಶುಲ್ಕ ಕೀಳುತ್ತೆ. ಶುಕ್ರವಾರ ಮದೀನಾ ಅಂಗಡಿ ಬಹುಪಾಲು ಮುಚ್ಚಿರುತ್ತೆ. ಅವತ್ತು ಮನೆಮನೆಯಲ್ಲೂ ಕುಸ್‌ಕುಸ್.

ಇನ್ನೊಂದು ತಮಾಷೆ. ವಯಸ್ಸಾದ ಅಂಗಡಿಯವರು ‘ನೂರು’ ಅಂದ್ರೆ ಗಾಬರಿಯಾಗಬೇಡಿ, ಅವರು ಹೇಳೋದು ರಿಯಾಲ್ ಲೆಕ್ಕ. ಇಪ್ಪತ್ತು ರಿಯಾಲ್‌ಗೆ ಒಂದು ದಿರ್ಹಾಮ್. ಆ ನಾಣ್ಯ ಈಗ ಇಲ್ಲ, ಬಾಯಲ್ಲಿ ಉಳಿದಿದೆ, ನಮ್ಮಜ್ಜಿಯ ನಾಲ್ಕಾಣೆ ಎಂಟಾಣೆ ಥರ.


ತುಂಗಾ_ತೀರ | ಜನವರಿ 13, ರಾತ್ರಿ 11.30

ಫೆಸ್‌ನಿಂದ ಬರೀತಿದೀನಿ. ಕಂಬಳಿ ಒಳಗಿಂದ. ಒಂದು ಕೈ ಮಾತ್ರ ಆಚೆ.

ವಿಮಾನ ಎರಡು ಗಂಟೆ ತಡ, ಬಾಬ್ ಬೂಜ್ಲೂದ್‌ಗೆ ಬಂದಾಗ ಎಂಟೂವರೆ, ಜಿಟಿಜಿಟಿ ಮಳೆ. ಟ್ಯಾಕ್ಸಿ ಇಳಿದ ಅರ್ಧ ನಿಮಿಷಕ್ಕೆ ಹುಡುಗ ಪ್ರತ್ಯಕ್ಷ. ‘ಮೇಡಂ, ಆ ಹೋಟೆಲ್ ಮುಚ್ಚಿದೆ.’ ಅಮ್ಮ ನನ್ನ ಕಡೆ ತಿರುಗಿ ‘ಬಂದ ನೋಡು ಧಾರವಾಡದವರು ಹೇಳಿದ ಹುಡುಗ’ ಅಂದ್ರು. ಅದೂ ಖುಷಿಯಿಂದ, ಯಾರೋ ಪರಿಚಯದವರು ಸಿಕ್ಕ ಹಾಗೆ! ಬ್ಯಾಗ್‌ಗಳನ್ನ ಕೈಗಾಡಿಯವನಿಗೆ ಕೊಟ್ವಿ, 20 ದಿರ್ಹಾಮ್. ‘ಕರೋಸಾ’ ಅಂತಾರೆ ಆ ಗಾಡಿಗೆ.

ಹೋಟೆಲ್‌ನಲ್ಲಿ ಆಗಿದ್ದು ನೀವು ಊಹಿಸಿದ್ದೇ. ಕೆಳಗಿನ ರೂಮಿಲ್ಲ, ಯಾರಿಗೋ ಕೊಟ್ಟಾಗಿದೆ, ಮೂರನೇ ಮಹಡಿ ತಗೊಳ್ಳಿ, ನಾಳೆ ಬದಲಾಯಿಸ್ತೀವಿ. ನಾನು ಫೋನಲ್ಲಿ ಅವರ ಮೇಲ್ ತೋರಿಸಿ ಫ್ರೆಂಚಲ್ಲಿ ವಾದ ಶುರು ಮಾಡಿದೆ. ಅಮ್ಮ ವಾದ ಮಾಡಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕೂತು, ಮಂಡಿಯ ಪಟ್ಟಿ ಬಿಚ್ಚಿ, ಚೀಲದಿಂದ ಅವಲಕ್ಕಿ ಡಬ್ಬ ತೆಗೆದು ತಿನ್ನೋಕೆ ಶುರು ಮಾಡಿದ್ರು. ಮೇಲೆ ಹೋಗೋರು, ಕೆಳಗೆ ಬರೋರು ಎಲ್ಲ ಅಮ್ಮನ್ನ ಬಳಸಿಕೊಂಡೇ ಓಡಾಡಬೇಕು. ಒಬ್ಬ ಜರ್ಮನ್ ಹುಡುಗನಿಗೂ ಒಂದು ಹಿಡಿ ಕೊಟ್ರು. ಹತ್ತು ನಿಮಿಷಕ್ಕೆ ಅಡುಗೆಮನೆ ಪಕ್ಕದ ರೂಮಿನಿಂದ ಇಸ್ತ್ರಿ ಮೇಜು, ಬಟ್ಟೆ ರಾಶಿ ಎಲ್ಲ ಆಚೆ ಬಂತು, ಮಂಚ ಒಳಗೆ ಹೋಯ್ತು.

ಸ್ನಾನದ ಮನೆ ನೋಡ್ಕೊಂಡು ಬಂದೆ. ಗ್ಯಾಸ್ ಗೀಸರ್, ಒಳಗೇ. ಮೇಲಿನ ಸಣ್ಣ ಕಿಂಡಿಗೆ ಚಳಿಗೆ ಅಂತ ಅರಬ್ಬಿ ಪತ್ರಿಕೆ ಮಡಿಸಿ ತುರುಕಿದ್ದಾರೆ, ಮೇಲೆ ಟೇಪ್. ಕಾಸಾ ಅವರೇ, ನೀವು ಹೇಳದಿದ್ರೆ ಅದು ನನ್ನ ಕಣ್ಣಿಗೇ ಬೀಳ್ತಿರಲಿಲ್ಲ. ಸ್ಟೂಲ್ ಹಾಕ್ಕೊಂಡು ಕಿತ್ತು ಹಾಕಿದೀನಿ. ಬೆಳಿಗ್ಗೆ ಮಾಲೀಕರ ಹತ್ರ ಮಾತಾಡ್ತೀನಿ.


ಕಾಸಾ_ಕನ್ನಡಿಗ | ಜನವರಿ 13, ರಾತ್ರಿ 11.41

ಒಳ್ಳೇ ಕೆಲಸ ಮಾಡಿದ್ರಿ. ಆದ್ರೂ ಅಲ್ಲಿ ಸ್ನಾನ ಬೇಡ. ಹತ್ತಿರದ ಹಮ್ಮಾಮ್‌ಗೆ (ಊರವರೆಲ್ಲ ಹೋಗೋ ಸ್ನಾನದ ಮನೆ) ಹೋಗಿ, ಹೆಂಗಸರ ಹೊತ್ತು ಯಾವುದು ಅಂತ ಹೋಟೆಲ್‌ನಲ್ಲಿ ಕೆಲಸ ಮಾಡೋ ಹೆಂಗಸರನ್ನೇ ಕೇಳಿ.


ಧಾರವಾಡ_ಪೇಡೆ | ಜನವರಿ 14, ಬೆಳಿಗ್ಗೆ 6.20

ಅವ್ವಾರಿಗೆ ನನ್ನ ಶರಣು ಹೇಳ್ರಿ. ಪಾವಟಿಗಿ ಮ್ಯಾಲ ಸತ್ಯಾಗ್ರಹ!


ಚೌಕಾಸಿ_ಚತುರ | ಜನವರಿ 14, ಬೆಳಿಗ್ಗೆ 9.00

ಇಸ್ತ್ರಿ ರೂಮಿಗೂ 220 ಕೊಟ್ರಾ?


ತುಂಗಾ_ತೀರ | ಜನವರಿ 14, ರಾತ್ರಿ 10.15

180 ಮಾಡಿಸಿದೆ. ಅಡುಗೆಮನೆ ಗೋಡೆ ಬೆಚ್ಚಗಿರುತ್ತೆ ಅನ್ನೋದು ರಾತ್ರಿ ಗೊತ್ತಾಯ್ತು, ಮೇಲಿನವರು ಚಳಿಗೆ ನಡುಗಿದ್ರಂತೆ. ಅದನ್ನ ಮಾಲೀಕರಿಗೆ ಹೇಳಿಲ್ಲ.


ತುಂಗಾ_ತೀರ | ಜನವರಿ 19, ಸಂಜೆ 5.30

ವಾಪಸ್ ಬಂದ್ವಿ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಬಿಡ್ತೀನಿ, ಮುಂದೆ ಯಾರಿಗಾದ್ರೂ ಬೇಕಾಗುತ್ತೆ.

ಓಡಾಟ: ರ್ಸೀಫ್ ಉಪಾಯ ನೂರಕ್ಕೆ ನೂರು. ದಿನಾ ಇಳಿದ್ವಿ, ದಿನಾ ಟ್ಯಾಕ್ಸಿಯಲ್ಲಿ ಹತ್ತಿದ್ವಿ. ಫೋನಿನ ನಕ್ಷೆ ತಲಾ ಬೀದಿಯಲ್ಲಿ ಪರವಾಗಿಲ್ಲ, ಸಣ್ಣ ಓಣಿಗೆ ತಿರುಗಿದ್ರೆ ನಾವು ಯಾರದೋ ಮನೆ ಒಳಗೆ ನಿಂತಿದೀವಿ ಅನ್ನುತ್ತೆ.

ಇನ್ನು ಕತ್ತೆ. ಹಿಂದಿನಿಂದ ಚರ್ಮದ ಹೊರೆ ಹೊತ್ತ ಕತ್ತೆ ಬರ್ತಿದ್ರೆ ಓಡಿಸೋನು ‘ಬಾಲಕ್! ಬಾಲಕ್!’ ಅಂತ ಕೂಗ್ತಾನೆ, ದಾರಿ ಬಿಡಿ ಅಂತ. ಮೊದಲ ದಿನ ಅಮ್ಮ ನಿಂತು ಹಿಂದೆ ನೋಡಿದ್ರು. ‘ಯಾವ ಬಾಲಕನ್ನ ಕರೀತಿದಾನೆ?’ ಅಷ್ಟರಲ್ಲಿ ಹೊರೆ ಭುಜಕ್ಕೆ ತಾಗೇಬಿಡ್ತು. ಪೆಟ್ಟಾಗಲಿಲ್ಲ. ಎರಡನೇ ದಿನದಿಂದ ನನಗಿಂತ ಮೊದಲು ಗೋಡೆಗೆ ಒತ್ತಿಕೊಳ್ತಿದ್ದದ್ದು ಅಮ್ಮನೇ.

ಊಟ: ಬಿಸಾರಾ ಮೊದಲ ಚಮಚಕ್ಕೇ ‘ಇದು ನಮ್ಮ ಹಿತಕವರೆ ತೊವ್ವೆಗೆ ತಂಗಿ’ ಅಂತ ತೀರ್ಪು ಬಂತು. ನಾಲ್ಕು ಬೆಳಿಗ್ಗೆಯೂ ಅದೇ, ಮೇಲೆ ನಮ್ಮ ಚಟ್ನಿಪುಡಿ. ಅಂಗಡಿಯವನು ಅದನ್ನ ರುಚಿ ನೋಡಿ ಕಣ್ಣಲ್ಲಿ ನೀರು ತಂದ್ಕೊಂಡು ‘ಸಾಫಿ, ಸಾಫಿ’ ಅಂದ. ಸಾಕು ಅಂತ. ಕುಡ್ಲ ಅವರೇ, ‘ಬ್ಲಾ ದ್ಜಾಜ್’ ಒಂದು ಕಡೆ ಹೇಳೋಕೆ ಮರೆತೆ. ಕೋಳಿ ಬಂತು. ಬಿಲ್ ಕೊಟ್ಟು ಬರೀ ರೊಟ್ಟಿ ಆಲಿವ್ ತಿಂದು ಎದ್ದ್ವಿ.

ಹಮ್ಮಾಮ್: ಇಡೀ ಪ್ರವಾಸದಲ್ಲಿ ಅಮ್ಮ ಊರಿಗೆ ಫೋನ್ ಮಾಡಿ ಹೇಳಿದ್ದು ಇದೊಂದನ್ನೇ. ಹೋಟೆಲ್ ಗುಡಿಸೋ ಒಬ್ಬ ಹೆಂಗಸು ಕರ್ಕೊಂಡು ಹೋದ್ರು. ಅವರಿಗೆ ಫ್ರೆಂಚ್ ಬರಲ್ಲ, ಅಮ್ಮನಿಗೆ ಕನ್ನಡ ಬಿಟ್ರೆ ಸ್ವಲ್ಪ ಹಿಂದಿ. ಇಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಂಡು ಹೋದ್ರು, ನಾನು ಹಿಂದೆ ಬಕೆಟ್ ಹಿಡ್ಕೊಂಡು. ಒಂದರೊಳಗೊಂದು ಮೂರು ಕೋಣೆ, ಒಳಗೆ ಹೋದಷ್ಟೂ ಬಿಸಿ. ಆಲಿವ್ ಎಣ್ಣೆಯಿಂದ ಮಾಡಿದ ಕಪ್ಪು ಸಾಬೂನು, ಅಂಟಿನ ಹಾಗಿರುತ್ತೆ, ಅದನ್ನ ಮೈಗೆಲ್ಲ ಬಳಿದು ಹತ್ತು ನಿಮಿಷ ಕೂರಿಸ್ತಾರೆ. ಆಮೇಲೆ ಕೆಸ್ಸಾ ಅನ್ನೋ ಒರಟು ಕೈಗವಸಲ್ಲಿ ಉಜ್ಜಿದ್ರೆ ಮೈಯಿಂದ ಬೂದು ಬಣ್ಣದ ಬತ್ತಿ ಬತ್ತಿ ಉದುರುತ್ತೆ. ‘ನರಕ ಚತುರ್ದಶಿ ದಿನ ನಮ್ಮಮ್ಮ ಹೀಗೇ ಚರ್ಮ ಸುಲೀತಿದ್ರು’ ಅಂದ್ರು ಅಮ್ಮ. ಕಲ್ಲು ಬೆಚ್ಚಗಿತ್ತು, ಅದರ ಮೇಲೆ ಕಾಲು ಚಾಚಿ ಅರ್ಧ ಗಂಟೆ. ಅವತ್ತು ರಾತ್ರಿ ಮಂಡಿ ಪಟ್ಟಿ ಕಟ್ಟಲಿಲ್ಲ.

ಚರ್ಮ ಹದ ಮಾಡುವ ಶುವಾರಾ ನೋಡಿದ್ವಿ. ನಾತ ತಡ್ಕೊಳ್ಳೋಕೆ ಪುದೀನ ಕೈಗೆ ಕೊಟ್ಟು ಅಂಗಡಿ ತಾರಸಿ ಹತ್ತಿಸ್ತಾರೆ. ಸುಣ್ಣ, ಪಾರಿವಾಳದ ಹಿಕ್ಕೆ ಹಾಕಿದ ತೊಟ್ಟಿಗಳು. ಅಮ್ಮ ಒಂದು ನಿಮಿಷ ನಿಂತು ಇಳಿದುಬಿಟ್ರು. ಬೂ ಇನಾನಿಯಾದಲ್ಲಿ ಮಾತ್ರ ಹೊರಡೋ ಮನಸ್ಸೇ ಇರಲಿಲ್ಲ, ಕಂಬದ ಹತ್ತಿರ ನಿಂತು ಹದಿಮೂರು ಶಾಲೆ ಕಥೆ ನನಗೇ ವಾಪಸ್ ಹೇಳಿದ್ರು.

ಹೆಂಗಸರಿಬ್ಬರೇ ಅನ್ನೋ ಭಯ: ಹಗಲು ಏನೂ ಅನ್ನಿಸಲಿಲ್ಲ. ರಾತ್ರಿ ಒಂಬತ್ತರ ಮೇಲೆ ಒಳಗಿನ ಓಣಿಗಳಿಗೆ ಹೋಗಲಿಲ್ಲ. ಅಮ್ಮ ಜೊತೆಗಿದ್ದದ್ದೇ ದೊಡ್ಡ ರಕ್ಷಣೆ. ನನ್ನನ್ನ ಮಾತಾಡಿಸೋಕೆ ಬಂದೋರು ಅಮ್ಮನ್ನ ನೋಡಿ ‘ಲ್ಹಾಜ್ಜಾ’ ಅಂತ ದಾರಿ ಬಿಡ್ತಿದ್ರು, ಹಿರಿಯ ಹೆಂಗಸರನ್ನ ಗೌರವದಿಂದ ಹಾಗೆ ಕರೀತಾರಂತೆ.

ಗೀಸರ್: ಮಾಲೀಕರಿಗೆ ಹೇಳಿದೆ. ತಲೆ ಆಡಿಸಿದ್ರು. ಎರಡನೇ ದಿನ ಕಿಂಡಿಗೆ ಹೊಸ ಪತ್ರಿಕೆ, ಹೊಸ ಟೇಪ್. ಮತ್ತೆ ಕಿತ್ತೆ. ಮೂರನೇ ದಿನ ಮತ್ತೆ. ಹೊರಡೋ ದಿನ ಫ್ರೆಂಚಲ್ಲಿ ಒಂದು ಚೀಟಿ ಬರೆದು, ಗುಡಿಸೋ ಹೆಂಗಸಿಗೆ ಅರಬ್ಬಿಯಲ್ಲೂ ಓದಿ ಹೇಳಿ ಅಂತ ಆ ಜರ್ಮನ್ ಹುಡುಗನ ಅರಬ್ಬಿ ಬರೋ ಗೆಳತಿಗೆ ಕೊಟ್ಟು ಬಂದೆ. ಬುಕಿಂಗ್ ಆ್ಯಪ್‌ನ ಅನಿಸಿಕೆಯಲ್ಲೂ ಅದನ್ನೇ ಮೊದಲ ಸಾಲಲ್ಲಿ ಬರೆದಿದೀನಿ.


ಬಸ್‌ಸ್ಟ್ಯಾಂಡ್_ಬೈರಾಗಿ | ಜನವರಿ 19, ಸಂಜೆ 6.05

ಆಜಾನ್ ಕೇಳಿದ್ರಾ?


ತುಂಗಾ_ತೀರ | ಜನವರಿ 19, ಸಂಜೆ 6.20

ಕೇಳಿದ್ವಿ. ಕೊನೇ ದಿನ ಅಮ್ಮ ಹಟ ಮಾಡಿ ತಾರಸಿ ತನಕ ಹತ್ತಿದ್ರು, ಮುಂಜಾನೆ ಕತ್ತಲಲ್ಲಿ, ನನ್ನ ಹೆಗಲು ಹಿಡಿದು, ಹತ್ತು ಹತ್ತು ಮೆಟ್ಟಿಲಿಗೆ ಒಂದು ಸಲ ಕೂತು. ಐವತ್ತೆಂಟು ಮೆಟ್ಟಿಲು ಅಂತ ಎಣಿಸಿದಾರೆ. ಇಳಿಯೋಕೆ ಜಾಸ್ತಿ ಹೊತ್ತು ಬೇಕಾಯ್ತು.


ಮೈಸೂರ್_ಮಲ್ಲಿಗೆ | ಜನವರಿ 19, ರಾತ್ರಿ 8.10

ಸರಿ, ಸೋತೆ. ಹೋಟೆಲ್ ಹೆಸರು ಇನ್‌ಬಾಕ್ಸ್ ಮಾಡಿ, ಏಪ್ರಿಲ್‌ನಲ್ಲಿ ಅತ್ತೆಯನ್ನ ಕರ್ಕೊಂಡು ಹೋಗೋ ಯೋಚನೆ ಇದೆ.


ತುಂಗಾ_ತೀರ | ಜನವರಿ 19, ರಾತ್ರಿ 8.25

ಮಾಡಿದೀನಿ. ‘ಅಡುಗೆಮನೆ ಪಕ್ಕದ್ದು’ ಅಂತಲೇ ಕೇಳಿ, ಅದಕ್ಕೆ ನಂಬರ್ ಇಲ್ಲ. ಇಸ್ತ್ರಿ ಮೇಜು ವಾಪಸ್ ಬಂದಿದ್ರೆ ಅತ್ತೆಯವರನ್ನ ಮೊದಲ ಮೆಟ್ಟಿಲ ಮೇಲೆ ಕೂರಿಸಿ. ಅವಲಕ್ಕಿ ತಗೊಂಡು ಹೋಗಿ.